ಭೂತಾಯಿ, ನೋಡಿ: ಬೂತಾಯಿ

ಸಂಜೆ ಬಾಗಿಲು ಹಾಕುವ ಮೊದಲು
ಆ ದಿನದ ಸೋಲುಗಳನ್ನು ಓದುವುದು ನನ್ನ ಚಟ.
ಯಾರೋ ಏನೋ ಹುಡುಕಿದ್ದು, ಸಿಗದೆ ಹೋದದ್ದು,
ಎಲ್ಲ ಬರೆದಿಡುತ್ತದೆ ಯಂತ್ರ. ಹೆಸರು ಬರೆಯುವುದಿಲ್ಲ.
ಗಂಟೆ, ನಿಮಿಷ, ಎಷ್ಟನೆಯ ಕಂಪ್ಯೂಟರು, ಅಷ್ಟೆ.

ಮಂಗಳವಾರ, ಮೂರನೆಯದು:
೪.೫೨ ಬೂತಾಯಿ. ಫಲಿತಾಂಶ ಸೊನ್ನೆ.
೪.೫೩ ಬೂತಾಯಿ ಮೀನು. ಸೊನ್ನೆ.
೪.೫೫ ಬೂತಾಯಿ ಯಾಕೆ ಕಡಿಮೆ ಆಯಿತು. ಸೊನ್ನೆ.
‘ನೀವು ಹುಡುಕಿದ್ದು ಭೂತಾಯಿಯನ್ನೇ?’ ಎಂದು ಕೇಳಿದೆ ಯಂತ್ರ,
ಹೌದೆಂದು ಒತ್ತಿದೆ ಬಡಪಾಯಿ ಬೆರಳು.
ಜಂಬಿಟ್ಟಿಗೆ, ಎರೆಹುಳು, ಸುಣ್ಣ ಹಾಕುವ ಪ್ರಮಾಣ,
ನಲವತ್ತೊಂದು ಪುಸ್ತಕ.
೫.೦೨ ಅಪ್ಪನ ಬಲೆಗೆ ಯಾಕೆ ಬೀಳುತ್ತಿಲ್ಲ.
ಆಮೇಲೆ ಏನೂ ಇಲ್ಲ.
ಬೆಂಗ್ರೆಯ ದೋಣಿ ಹೊರಡುವ ಹೊತ್ತಾಗಿತ್ತೋ ಏನೋ.

ಮೀನುಗಾರಿಕೆಯ ಕಾಲೇಜು ನಮ್ಮದು. ಕಿಟಕಿ ತೆಗೆದರೆ
ದಕ್ಕೆಯ ವಾಸನೆ ಓದುವ ಕೋಣೆಗೆ ಬರುತ್ತದೆ
ಗುರುತಿನ ಚೀಟಿ ತೋರಿಸದೆ.
ಆ ಒಂದು ಮೀನಿನ ಮೇಲೆ ಹನ್ನೊಂದು ಪ್ರಬಂಧ ಇವೆ,
ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂದು
ಲ್ಯಾಟಿನ್ನಿನ ಮುಸುಕು ಹೊದ್ದು ಮಲಗಿವೆ.

ಹಳೆಯ ಕಾರ್ಡಿನ ಪೆಟ್ಟಿಗೆಯಲ್ಲಿ ಹೀಗಿರಲಿಲ್ಲ.
ನನಗಿಂತ ಹಿಂದಿನವರು, ಲಿಲ್ಲಿ ಪಿರೇರಾ ಬಾಯಿ,
ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು:
ತಾರ್ಲೆ, ಇಲ್ಲಿ ನೋಡಿ. ಮತ್ತಿ, ಇಲ್ಲಿ ನೋಡಿ. ಬೈಗೆ, ಇಲ್ಲಿಯೇ.
ಊರಿನ ಮಾತೆಲ್ಲ ಒಂದೇ ಖಾನೆಗೆ ಬಂದು ಕೂರುತ್ತಿತ್ತು.
ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಿದ ವರ್ಷ
ಗುತ್ತಿಗೆಯ ಹುಡುಗರು ಶಾಯಿಯದ್ದನ್ನಷ್ಟೆ ಟೈಪು ಮಾಡಿದರು.
ಪೆನ್ಸಿಲಿಗೆ ರೇಟು ಇರಲಿಲ್ಲ.
ಬಿಲ್ಲಿಗೆ ಸಹಿ ಹಾಕಿದವನು ನಾನೇ.

ಸಮಿತಿಗೆ ಹೇಳಿದೆ. ಅವತ್ತು ಹೊಸ ವೆಬ್‌ಸೈಟಿನ ಚರ್ಚೆ,
ನೀಲಿಯೋ ಕಡುನೀಲಿಯೋ,
ಪ್ರಾಂಶುಪಾಲರ ಫೋಟೊ ಜಾರಬೇಕೋ ನಿಲ್ಲಬೇಕೋ.
ಇನ್ನೂರು ಹೆಸರು ಸೇರಿಸಲು ಬಿಡಿ ಅಂದೆ.
‘ಅದೆಲ್ಲ ಆಡುಮಾತಲ್ಲವೇ’ ಎಂದರು ಡಾಕ್ಟರ್ ಸೋಮಯಾಜಿ.
ಅಷ್ಟರಲ್ಲಿ ಚಹಾ ಬಂತು.
ಬೇಡ ಎಂದು ಯಾರೂ ಅನ್ನಲಿಲ್ಲ,
ಅದನ್ನೇ ಮಂಜೂರಾತಿ ಎಂದುಕೊಂಡೆ.

ಬೆಳಿಗ್ಗೆ ಆರಕ್ಕೆ ದಕ್ಕೆಯಲ್ಲಿದ್ದೆ, ನೋಟುಬುಕ್ಕು ಹಿಡಿದು.
ಬುಟ್ಟಿಗೆ ಐಸು ಸುರಿಯುತ್ತಿದ್ದ ರಾಜೀವಿ ಮೆಂಡನ್
ನಾನು ಬೆರಳಿಟ್ಟಲ್ಲೆಲ್ಲ ಬೆಲೆ ಹೇಳಿದರು.
ಬೆಲೆಯಲ್ಲ ಅಕ್ಕ, ಹೆಸರು.
ನಕ್ಕುಬಿಟ್ಟರು: ‘ಪುದರ್ ಧರ್ಮೊಗು, ಮೀನ್‌ಗ್ ಕಾಸ್!’
ಹೆಸರು ಪುಕ್ಕಟೆ. ಮೂವತ್ತೆಂಟು ಬರೆದುಕೊಂಡೆ,
ಅರ್ಧ ಕಿಲೊ ನಂಗ್ ಕೊಳ್ಳದೆ ಬರಲಾಗಲಿಲ್ಲ.

ಸೇರಿಸಿ ಮುಗಿಸಿದ ರಾತ್ರಿ ನಾನೇ ಒತ್ತಿ ನೋಡಿದೆ, ಬೂತಾಯಿ.
ಹನ್ನೊಂದು!
ಹತ್ತು ಕಪಾಟಿನಲ್ಲಿದ್ದವು. ಇನ್ನೊಂದು ಇಲ್ಲ.
ಬಲೆ ಬರಿದಾದ ವರ್ಷಗಳ ಲೆಕ್ಕ ಇರುವುದು ಅದರಲ್ಲೇ.
ಎರಡು ದಿನ ಏಣಿ ಹತ್ತಿ ಇಳಿದೆ.
ಕೊನೆಗೆ ಸಿಕ್ಕಿದ್ದು ಮಣ್ಣಿನ ಸಾಲಿನಲ್ಲಿ, ಎರೆಹುಳುವಿನ ಪಕ್ಕ.
ಯಾವ ಕಾಲದ್ದೋ ಬೈಂಡು. ಕಿವಿಗೆ ಬಿದ್ದದ್ದನ್ನು
ಮಹಾಪ್ರಾಣ ಕೊಟ್ಟು ಶುದ್ಧ ಮಾಡಿ
ಬೆನ್ನಿಗೆ ಚಿನ್ನದಕ್ಷರ ಒತ್ತಿದ್ದಾನೆ ಪುಣ್ಯಾತ್ಮ:
ಭೂತಾಯಿ.

ಅಂದರೆ ಯಂತ್ರದ ತಪ್ಪು ದಾರಿಯನ್ನೇ ನಂಬಿ
ಆ ಸಂಜೆ ಒಬ್ಬರು ನಲವತ್ತೊಂದು ಪುಸ್ತಕದವರೆಗೆ ನಡೆದಿದ್ದರೆ
ಕೈಗೆ ಎಟುಕುತ್ತಿತ್ತು.

ತಪ್ಪನ್ನೂ ಸೇರಿಸಿದೆ ಪಟ್ಟಿಗೆ, ತಿದ್ದದೆ.
ಪುಸ್ತಕವನ್ನು ಮೂರನೆಯ ಕಂಪ್ಯೂಟರಿನ ಪಕ್ಕ ಇಟ್ಟು
ಪೆನ್ಸಿಲಿನಲ್ಲಿ ಬರೆದ ಚೀಟಿ ಸಿಕ್ಕಿಸಿದ್ದೇನೆ: ೫.೦೨ರವರಿಗೆ.

ಕೊನೆಯ ಪುಟ ಓದಿದೆ. ಕಾರಣ ಸ್ಪಷ್ಟವಿಲ್ಲ,
ಇನ್ನಷ್ಟು ಅಧ್ಯಯನ ಅಗತ್ಯ, ಎಂದಿದೆ.
ಅದನ್ನು ಓದಿ ಬೈಯಲಿಕ್ಕಾದರೂ
ಅವರು ಬರಲಿ.